ಉಸಿರು ಎಣಿಸಿ, ಆಮೇಲೆ ಫೋನ್ ಮಾಡಿ

ಪ್ರಶ್ನೆ: ಮೇಡಂ, ಜಿಎನ್‌ಎಂ ಮುಗಿಸಿ ತಾಲ್ಲೂಕು ಆಸ್ಪತ್ರೆಯ ಮೆಡಿಕಲ್ ವಾರ್ಡಿಗೆ ಹೊಸದಾಗಿ ಸೇರಿದ್ದೇನೆ. ಇಂಜೆಕ್ಷನ್, ಡ್ರಿಪ್ ಯಾವುದಕ್ಕೂ ಕೈ ನಡುಗುವುದಿಲ್ಲ. ಆದರೆ ನೈಟ್ ಡ್ಯೂಟಿಯಲ್ಲಿ ಯಾರಿಗಾದರೂ ಏರುಪೇರಾಗಿ, ನನಗೆ ಗೊತ್ತಾಗದೇ ಹೋದರೆ ಎಂಬ ಭಯ. ಮೊನ್ನೆ ನ್ಯುಮೋನಿಯಾ ಆದ ಅಜ್ಜ ಒಬ್ಬರು ಯಾಕೋ ಸರಿ ಇಲ್ಲ ಅನಿಸಿ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದೆ. “ಸರಿ ಇಲ್ಲ ಅಂದರೆ ಏನು? ಬಿಪಿ ಎಷ್ಟು, ಸ್ಯಾಚುರೇಶನ್ ಎಷ್ಟು?” ಎಂದು ಗದರಿದರು. ಎರಡೂ ನಾರ್ಮಲ್ ಇತ್ತು. ಸುಮ್ಮನಾದೆ. ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲವೇ?

ಉತ್ತರ: ಅಜ್ಜ ಸರಿ ಇಲ್ಲ ಎಂದು ನಿಮ್ಮ ಕಣ್ಣಿಗೆ ಬಿತ್ತಲ್ಲ, ಲಾಯಕ್ಕಿನ ಪ್ರಶ್ನೆ ಅಲ್ಲಿಗೇ ಮುಗಿಯಿತು. ಕೊರತೆಯಾದದ್ದು ಒಂದು ಅಂಕಿ. ಅವರ ಉಸಿರು ನಿಮಿಷಕ್ಕೆ ಎಷ್ಟಿತ್ತು?

ಎಷ್ಟೋ ವಾರ್ಡುಗಳ ಟಿಪಿಆರ್ ಚಾರ್ಟ್ ತೆಗೆದು ನೋಡಿ, ಸಾಲಾಗಿ ಎಲ್ಲರ ಉಸಿರೂ 20. ಬಿಪಿಗೆ ಮೆಷಿನ್ ಇದೆ, ಜ್ವರಕ್ಕೆ ಥರ್ಮಾಮೀಟರ್ ಇದೆ. ಉಸಿರಿಗೆ ಮಾತ್ರ ನಾವೇ ಮಂಚದ ಪಕ್ಕ ಒಂದು ನಿಮಿಷ ನಿಲ್ಲಬೇಕು. ಆ ನಿಮಿಷವನ್ನೇ ನಾವು ಉಳಿಸಿಕೊಳ್ಳುತ್ತೇವೆ. ನನಗೆ ನಿಜಕ್ಕೂ ಸಂಕಟವಾಗುವುದು ಇಲ್ಲಿ. ದೇಹ ಸೋಂಕಿನ ಜತೆ ಗುದ್ದಾಡುವಾಗ ಮೊದಮೊದಲೇ ಏರುವುದು ಉಸಿರು. ಬಿಪಿ ಬಹಳ ಹೊತ್ತು ತಡೆದುಕೊಂಡಿದ್ದು, ಕೊನೆಗೆ ಕುಸಿಯಬಹುದು. ಆಕ್ಸಿಜನ್ ಹಾಕಿದ್ದರಂತೂ ಸ್ಯಾಚುರೇಶನ್ 96 ತೋರಿಸುತ್ತಲೇ ಇರುತ್ತದೆ, ರೋಗಿ ಏದುಸಿರು ಬಿಡುತ್ತಲೇ ಇರುತ್ತಾರೆ.

ನಾಡಿ ನೋಡಿದ ಮೇಲೆ ಕೈ ಬಿಡಬೇಡಿ. ಬೆರಳು ಮಣಿಕಟ್ಟಿನ ಮೇಲೇ ಇರಲಿ, ಕಣ್ಣು ಎದೆ, ಹೊಟ್ಟೆಯ ಕಡೆ ಹೋಗಲಿ. ಉಸಿರು ಎಣಿಸುತ್ತಿದ್ದೀರಿ ಎಂದು ಗೊತ್ತಾದರೆ ಅದರ ಲಯವೇ ಬದಲಾಗುತ್ತದೆ. ಪೂರ್ತಿ 60 ಸೆಕೆಂಡ್ ಎಣಿಸಿ. ಕುತ್ತಿಗೆಯ ಸ್ನಾಯು ಸೆಳೆಯುತ್ತಿದೆಯೇ, ಮೂಗಿನ ಹೊಳ್ಳೆ ಅರಳುತ್ತಿದೆಯೇ ನೋಡಿ. “ಅಜ್ಜ, ಊಟ ಆಯ್ತಾ?” ಅಂತ ಕೇಳಿ. ಎರಡು ಪದಕ್ಕೊಮ್ಮೆ ನಿಂತು ಉಸಿರೆಳೆದರೆ ಅದೂ ಒಂದು ಉತ್ತರ. “ಸಂಜೆಯಿಂದ ಏನೇನೋ ಮಾತಾಡ್ತಿದಾರೆ” ಎಂದು ಸೊಸೆ ಹೇಳಿದರೆ, ವಯಸ್ಸಾಯ್ತು ಅಂತ ತಳ್ಳಿಹಾಕಬೇಡಿ.

ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ತಂದು, 2017ರಲ್ಲಿ ತಿದ್ದಿದ ‘ನ್ಯೂಸ್’ ಅಂಕಪಟ್ಟಿಯ ಪ್ರಕಾರ ವಯಸ್ಕರ ಉಸಿರು 12ರಿಂದ 20 ಇದ್ದರೆ ಸೊನ್ನೆ, 25 ಮುಟ್ಟಿದರೆ 3 ಅಂಕ. ಹೊಸದಾಗಿ ಶುರುವಾದ ಗಲಿಬಿಲಿಗೆ 3, ಆಕ್ಸಿಜನ್ ಮೇಲಿದ್ದರೆ 2. ಅಂದರೆ ಬಿಪಿ, ಸ್ಯಾಚುರೇಶನ್ ಎರಡೂ ನಾರ್ಮಲ್ ಇರುವ ಅಜ್ಜನಿಗೂ ಒಟ್ಟು 8 ಆಗಬಹುದು. 7 ಆದರೇ ಎಮರ್ಜೆನ್ಸಿ.

ಮುಂದಿನ ಸಲ ಕೇಸ್ ಶೀಟ್ ಕೈಯಲ್ಲಿಟ್ಟುಕೊಂಡು ಫೋನ್ ಮಾಡಿ: “ಸರ್, ಮೆಡಿಕಲ್ ವಾರ್ಡಿನಿಂದ ಸಿಸ್ಟರ್. ಬೆಡ್ ನಂಬರ್ 6, ಎಪ್ಪತ್ತು ವರ್ಷ, ನ್ಯುಮೋನಿಯಾ, ನಿನ್ನೆ ಅಡ್ಮಿಟ್. ಸಂಜೆ ಉಸಿರು 20 ಇತ್ತು, ಈಗ 28. ಆಕ್ಸಿಜನ್ ಮೇಲೆ ಸ್ಯಾಚುರೇಶನ್ 96. ಏನೇನೋ ಮಾತಾಡುತ್ತಿದ್ದಾರೆ. ಹೆಚ್ಚಾಗುತ್ತಿದೆ ಅನಿಸುತ್ತೆ, ನೀವು ಈಗಲೇ ಬಂದು ನೋಡಬೇಕು. ಬರುವಷ್ಟರಲ್ಲಿ ಏನು ಮಾಡಲಿ?” ಕೊನೆಯ ಎರಡು ವಾಕ್ಯ ಹೇಳದೆ ಫೋನ್ ಇಡಬೇಡಿ.

ಗದರಿದರೆ ಗದರಲಿ. ಬರದಿದ್ದರೆ ಹತ್ತು ನಿಮಿಷ ಬಿಟ್ಟು ಮತ್ತೆ ಎಣಿಸಿ, ಮತ್ತೆ ಫೋನ್ ಮಾಡಿ, ನೈಟ್ ಸೂಪರ್‌ವೈಸರಿಗೂ ತಿಳಿಸಿ. ಎಷ್ಟು ಗಂಟೆಗೆ ಯಾರಿಗೆ ಹೇಳಿದಿರಿ, ಅವರು ಏನೆಂದರು ಎಂಬುದನ್ನು ನರ್ಸಸ್ ನೋಟ್ಸ್‌ನಲ್ಲಿ ಆಗಿಂದಾಗಲೇ ಬರೆದಿಡಿ.