ಬೆಂಡೆಕಾಯಿಯ ಭಾರ

ಪ್ರಶ್ನೆ: ನನಗೆ 67 ವರ್ಷ, ಊರು ಹುಬ್ಬಳ್ಳಿ. ಸೊಸೆ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತಾಳೆ. 2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣದ ದಿನ ಅವಳಿಗೆ ಏಳು ತಿಂಗಳು. ವೇಧ ಹಿಡಿದ ಮೇಲೆ ಏನೂ ತಿನ್ನಬೇಡ, ಕೋಣೆ ಬಿಟ್ಟು ಬರಬೇಡ ಅಂದೆ. ಅವಳು ಊಟ ಮಾಡಿ, ಮಾಳಿಗೆ ಹತ್ತಿ ಕೆಂಪು ಚಂದ್ರನನ್ನು ನೋಡಿ ಬಂದಳು. “ಅತ್ತೆ, ಅದು ಬರೀ ನೆರಳು” ಅಂದಳು. ಅಂದಿನಿಂದ ಮಾತಿಲ್ಲ. 1980ರ ಸೂರ್ಯಗ್ರಹಣದಲ್ಲಿ ನಾನೂ ಐದು ತಿಂಗಳ ಬಸುರಿ. ಮರೆತು ಬೆಂಡೆಕಾಯಿ ಹೆಚ್ಚಿದ್ದೆ. ಹಿರಿಯ ಮಗಳು ಸೀಳುತುಟಿಯೊಂದಿಗೆ ಹುಟ್ಟಿದಳು. ವಿಜ್ಞಾನ ದೊಡ್ಡದೋ ಧರ್ಮ ದೊಡ್ಡದೋ, ನೀವೇ ಹೇಳಿ.

ಉತ್ತರ: ಅಮ್ಮಾ, ನಿಮ್ಮ ಕೊನೆಯ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಅದರ ಹಿಂದಿನ ಸಾಲುಗಳನ್ನೇ ಮೂರು ಸಲ ಓದಿದೆ. ನಲವತ್ತೈದು ವರ್ಷ ಆ ಬೆಂಡೆಕಾಯಿಯನ್ನು ಹೊತ್ತುಕೊಂಡು ಬಂದಿದ್ದೀರಿ. ಮೊದಲು ಅದನ್ನು ಇಳಿಸೋಣ.

ಹೊಟ್ಟೆಯೊಳಗಿನ ಮಗುವಿನ ತುಟಿ ಕೂಡಿಕೊಳ್ಳುವುದು ನಾಲ್ಕರಿಂದ ಏಳನೆಯ ವಾರದೊಳಗೆ. ಎಷ್ಟೋ ಹೆಂಗಸರಿಗೆ ತಾವು ಬಸುರಿ ಎಂಬುದೇ ಗಟ್ಟಿಯಾಗಿರದ ಹೊತ್ತು ಅದು. 1980ರ ಫೆಬ್ರುವರಿ 16ರ ಆ ಮಧ್ಯಾಹ್ನ ನೀವು ಈಳಿಗೆಮಣೆ ಹಾಕಿಕೊಂಡು ಕೂರುವಷ್ಟರಲ್ಲಿ ಮಗಳ ತುಟಿಯ ಕತೆ ಮುಗಿದು ಸುಮಾರು ಮೂರು ತಿಂಗಳಾಗಿತ್ತು. ವಂಶವಾಹಿ, ಕೆಲವು ಔಷಧಿ, ತಂಬಾಕಿನ ಹೊಗೆ ಇವು ಕಾರಣವಾಗಬಹುದು. ಬಹಳ ಸಲ ಕಾರಣವೇ ತಿಳಿಯುವುದಿಲ್ಲ. ಬೆಂಡೆಕಾಯಿ ಮಾತ್ರ ಖಂಡಿತ ಕಾರಣವಲ್ಲ.

ಸೊಸೆ ಹೇಳಿದ ನೆರಳು ಹೊಸದೇನಲ್ಲ. ಗ್ರಹಣವೆಂದರೆ ನೆರಳು ಎಂದು ಆರ್ಯಭಟ 499ರಷ್ಟು ಹಿಂದೆಯೇ ಬರೆದಿದ್ದ. ನಿಮ್ಮ ಪಂಚಾಂಗದ ಸ್ಪರ್ಶ, ಮೋಕ್ಷದ ಹೊತ್ತು ಬರುವುದೂ ಗಣಿತದಿಂದಲೇ. ಅಲ್ಲಿನ ರಾಹು-ಕೇತು ಎಂದರೆ ಚಂದ್ರನ ದಾರಿ ಸೂರ್ಯನ ದಾರಿಯನ್ನು ಹಾಯುವ ಎರಡು ಜಾಗ. ಅದೇ ಪಂಚಾಂಗ ಬಾಲ, ವೃದ್ಧ, ಆತುರರಿಗೆ ವೇಧವನ್ನು ಮೊಟಕು ಮಾಡುತ್ತದಲ್ಲ, ಅದನ್ನು ಸೊಸೆಗೆ ಹೇಳಿದಿರಾ? ಆ ರಾತ್ರಿ ಗ್ರಹಣ ಹಿಡಿದದ್ದು 9.57ಕ್ಕೆ, ಬಿಟ್ಟದ್ದು 1.26ಕ್ಕೆ. ಒಂಬತ್ತು ತಾಸಿನ ವೇಧವೂ ಸೇರಿದರೆ ಹನ್ನೆರಡು ತಾಸು ದಾಟುತ್ತದೆ. ತುಂಬು ಬಸುರಿ ಅಷ್ಟು ಹೊತ್ತು ಅನ್ನ ನೀರು ಬಿಡಬಾರದು. ಇಲ್ಲಿ ನಾನು ಸೊಸೆಯ ಕಡೆ.

ಇನ್ನು ಯಾವುದು ದೊಡ್ಡದು ಎಂಬ ಮಾತು. ತುಟಿ ಏಕೆ ಸೀಳಿತು ಎಂದರೆ ವಿಜ್ಞಾನವನ್ನೇ ಕೇಳಬೇಕು. ಅಲ್ಲಿ ಧರ್ಮದ ಹೆಸರಿನಲ್ಲಿ ಯಾರೋ ಸಾಕ್ಷಿ ಹೇಳಿದ್ದಕ್ಕೇ ನೀವು ಇಷ್ಟು ವರ್ಷ ಅಪರಾಧಿಯಾದಿರಿ. ಆದರೆ ಆ ಕೂಸನ್ನು ಎತ್ತಿಕೊಂಡು ನಾಲ್ಕು ಜನರ ಎದುರಿಗೆ ಹೋಗಬೇಕಾದ ದಿನಗಳಲ್ಲಿ ನಿಮಗೆ ಧೈರ್ಯ ಕೊಟ್ಟದ್ದು ದೇವರ ಮನೆಯೇ ಇರಬೇಕು (ಇದು ನನ್ನ ಊಹೆ). ಆ ಬಲ ಯಾವ ಪ್ರಯೋಗಾಲಯದಿಂದಲೂ ಬರುತ್ತಿರಲಿಲ್ಲ. ಜಪ ಬಿಡಬೇಡಿ. ಮುಂದಿನ ಗ್ರಹಣದಲ್ಲಿ ನೀವು ಜಪಕ್ಕೆ ಕೂತುಕೊಳ್ಳಿ, ಅವಳು ಮಾಳಿಗೆ ಹತ್ತಲಿ.

ನಿಮ್ಮ ಒಳಗಿದ್ದದ್ದು ಅಂಜಿಕೆ. ಅದನ್ನು ಶಾಸ್ತ್ರದ ಮಾತಿನಲ್ಲಿ ಹೇಳಿದಿರಿ, ಅವಳು ಶಾಸ್ತ್ರಕ್ಕೆ ಉತ್ತರ ಕೊಟ್ಟಳು. ಬೆಂಡೆಕಾಯಿಯ ವಿಷಯ ಅವಳಿಗೆ ಗೊತ್ತಿದ್ದಂತಿಲ್ಲ. ಇವತ್ತೇ ಹೇಳಿ. ಅದಕ್ಕೆ ಇನ್ನೊಂದು ಕಾರಣವೂ ಇದೆ: ಸೀಳುತುಟಿ ಕೆಲವು ಮನೆತನಗಳಲ್ಲಿ ಮತ್ತೆ ಕಾಣಿಸುವುದುಂಟು. ಮಗುವಿನ ಸೋದರತ್ತೆಗೆ ಇತ್ತೆಂದು ಡಾಕ್ಟರಿಗೆ ತಿಳಿದಿದ್ದರೆ ಐದನೆಯ ತಿಂಗಳ ಸ್ಕ್ಯಾನಿಂಗ್ ರಿಪೋರ್ಟನ್ನು ಇನ್ನೊಮ್ಮೆ ನೋಡುತ್ತಾರೆ. ಹಾಗೇನಾದರೂ ಇದ್ದರೂ ಈಗ ಕೆಲವೇ ತಿಂಗಳ ಕೂಸಿಗೆ ಆಪರೇಷನ್ ಮಾಡಿ ಸರಿಪಡಿಸುತ್ತಾರೆ.

ಮಗಳಿಗೂ ಒಂದು ಫೋನ್ ಮಾಡಿ. ಬೆಂಡೆಕಾಯಿಯ ಕತೆಯನ್ನು ಯಾರಾದರೂ ಅವಳ ಕಿವಿಗೂ ಹಾಕಿರುತ್ತಾರೆ.