ಯಾವ ಕೆಲಸ ಮೊದಲು?

ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ನಂದಿಕೂರು ಸಿಗ್ತದೆ. ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ವರ್ಕ್‌ಶಾಪ್ ಇದೆ ಅಂತ ಇಟ್ಟುಕೊಳ್ಳಿ. ಇರೋದು ಒಂದು ಲೇತ್, ಒಂದು ಮಿಲ್ಲಿಂಗ್ ಮಷಿನ್. ಪ್ರತಿ ಕೆಲಸವೂ ಮೊದಲು ಲೇತಿಗೆ, ಆಮೇಲೆ ಮಿಲ್ಲಿಂಗಿಗೆ. ಇವತ್ತು ಬಂದ ಕೆಲಸಗಳು ನಾಲ್ಕು:

ಮಲ್ಪೆಯ ಬೋಟಿನ ಶಾಫ್ಟ್: ಲೇತ್ 4 ಗಂಟೆ, ಮಿಲ್ಲಿಂಗ್ 1
ಫ್ಲೇಂಜ್: ಲೇತ್ 1, ಮಿಲ್ಲಿಂಗ್ 3
ಪುಲ್ಲಿ: ಲೇತ್ 3, ಮಿಲ್ಲಿಂಗ್ 4
ಗೇರ್: ಲೇತ್ 2, ಮಿಲ್ಲಿಂಗ್ 3

ಬೆಳಿಗ್ಗೆ 8ಕ್ಕೆ ಶುರು. ಊಟದ ಬಿಡುವು ಲೆಕ್ಕಕ್ಕೆ ಬೇಡ. ಬಂದ ಸಾಲಿನಲ್ಲೇ ಮಾಡಿದರೆ ಮೊದಲ 4 ಗಂಟೆ ಮಿಲ್ಲಿಂಗ್ ಮಷಿನ್ ಸುಮ್ಮನೆ ನಿಂತಿರ್ತದೆ. ಎಲ್ಲ ಮುಗಿಯುವಾಗ ರಾತ್ರಿ 11. ಆ ಹೊತ್ತಿಗೆ ಕೆಲಸದವರು ಮನೆಗೆ ಹೋಗೋದು ಹೇಗೆ?

1954ರಲ್ಲಿ ಎಸ್. ಎಂ. ಜಾನ್ಸನ್ ಎರಡು ಯಂತ್ರಗಳಿಗೆ ಒಂದು ಸುಲಭ ನಿಯಮ ಕೊಟ್ಟರು. ಪಟ್ಟಿಯಲ್ಲಿ ಅತಿ ಚಿಕ್ಕ ಸಮಯ ಹುಡುಕಿ. ಅದು ಮೊದಲ ಯಂತ್ರದ್ದಾದರೆ ಆ ಕೆಲಸ ಸಾಲಿನ ಮುಂದಕ್ಕೆ, ಎರಡನೆಯದ್ದಾದರೆ ಹಿಂದಕ್ಕೆ. ಉಳಿದವಕ್ಕೂ ಹೀಗೇ ಮಾಡಿ. ನಮ್ಮ ಸಾಲು: ಫ್ಲೇಂಜ್, ಗೇರ್, ಪುಲ್ಲಿ, ಶಾಫ್ಟ್. ಮುಗಿಯೋದು ರಾತ್ರಿ 8ಕ್ಕೆ. ಮಿಲ್ಲಿಂಗಿನ ಕೆಲಸವೇ ಒಟ್ಟು 11 ಗಂಟೆ, ಅದು ಶುರುವಾಗಲು ಕನಿಷ್ಠ 1 ಗಂಟೆ ಕಾಯಬೇಕು. ಹಾಗಾಗಿ 12 ಗಂಟೆಗಿಂತ ಕಡಿಮೆ ಸಾಧ್ಯವೇ ಇಲ್ಲ.

ಯಂತ್ರ ಮೂರಾದರೆ ಇಂಥ ಸುಲಭ ನಿಯಮ ಸಿಗೋದಿಲ್ಲ. ಸಮಸ್ಯೆ ಎನ್‌ಪಿ-ಹಾರ್ಡ್ ಎಂದು 1976ರಲ್ಲೇ ಸಾಬೀತಾಗಿದೆ. 15 ಕೆಲಸಗಳನ್ನು ಜೋಡಿಸಲು ಸುಮಾರು 1.3 ಲಕ್ಷ ಕೋಟಿ ಕ್ರಮಗಳಿವೆ. ಇಲ್ಲಿ ಹ್ಯೂರಿಸ್ಟಿಕ್ ಬೇಕಾಗ್ತದೆ: ಅತ್ಯುತ್ತಮ ಉತ್ತರದ ಖಾತ್ರಿ ಇಲ್ಲ, ಆದರೆ ಒಳ್ಳೆಯ ಉತ್ತರ ಬೇಗ ಸಿಗ್ತದೆ.

ನವಾಜ್, ಎನ್‌ಸ್ಕೋರ್, ಹ್ಯಾಮ್ ಎಂಬ ಮೂವರು 1983ರಲ್ಲಿ ಕೊಟ್ಟ ಎನ್‌ಇಎಚ್ ವಿಧಾನ ನೋಡಿ. ಒಟ್ಟು ಸಮಯ ಹೆಚ್ಚಿರುವ ಕೆಲಸದಿಂದ ಶುರುಮಾಡಿ, ಒಂದೊಂದನ್ನೇ ಸಾಲಿನ ಪ್ರತಿ ಜಾಗದಲ್ಲೂ ಇಟ್ಟು ನೋಡಿ, ಎಲ್ಲಿ ಬೇಗ ಮುಗಿಯುತ್ತದೋ ಅಲ್ಲೇ ಬಿಡೋದು. 15 ಕೆಲಸಕ್ಕೆ ಬರೀ 119 ಪರೀಕ್ಷೆ! ಆಮೇಲೆ ಬೇಕಿದ್ದರೆ ಸಿಮ್ಯುಲೇಟೆಡ್ ಅನೀಲಿಂಗ್ ಹಚ್ಚಬಹುದು: ಎರಡೆರಡು ಕೆಲಸಗಳ ಜಾಗ ಬದಲಿಸಿ ನೋಡೋದು, ಒಂದೇ ಕಡೆ ಸಿಕ್ಕಿಬೀಳದಂತೆ ಆಗಾಗ ಸ್ವಲ್ಪ ಕೆಟ್ಟ ಸಾಲನ್ನೂ ಒಪ್ಪಿಕೊಳ್ಳೋದು.

ಆದರೆ ಕೋಡ್ ಬರೆಯುವ ಮೊದಲು ಒಂದು ಪ್ರಶ್ನೆ ಕೇಳಿ: ನಾವು ಏನನ್ನು ಕಡಿಮೆ ಮಾಡ್ತಾ ಇದ್ದೇವೆ? ಬಂದ ಸಾಲಿನಲ್ಲಿ ಶಾಫ್ಟ್ ಮಧ್ಯಾಹ್ನ 1ಕ್ಕೇ ಸಿಗ್ತಿತ್ತು; ಜಾನ್ಸನ್ ಸಾಲಿನಲ್ಲಿ ರಾತ್ರಿ 8ಕ್ಕೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಆಗ ತಡವಾದರೂ ನಡೀತದೆ. ಆಗಸ್ಟಿನಲ್ಲಿ ಬೋಟ್ ದಡದಲ್ಲಿ ನಿಂತರೆ ಅದನ್ನೇ ನಂಬಿದವರ ಆ ದಿನದ ದುಡಿಮೆ ಹೋಯಿತು.

ಶಾಫ್ಟ್ 2 ಗಂಟೆಗೆ ಬೇಕೇ ಬೇಕು ಎಂಬ ಶರತ್ತು ಹಾಕಿ ನೋಡಿ. ಫ್ಲೇಂಜ್, ಶಾಫ್ಟ್, ಗೇರ್, ಪುಲ್ಲಿ ಎಂದು ಜೋಡಿಸಿದರೆ ಶಾಫ್ಟ್ ಸರಿಯಾಗಿ 2ಕ್ಕೆ ಸಿಗ್ತದೆ, ಎಲ್ಲ ಮುಗಿಯೋದು ರಾತ್ರಿ 10ಕ್ಕೆ. ಆ 2 ಗಂಟೆ ಹೆಚ್ಚುವರಿ ದುಡಿಮೆ ಯಾರದ್ದು, ಅದಕ್ಕೆ ಓವರ್‌ಟೈಮ್ ಎಷ್ಟು ಎಂಬುದನ್ನೂ ಲೆಕ್ಕಕ್ಕೆ ಸೇರಿಸಿ. ಪೆನ್ಸಿಲ್ ಹಿಡಿದು ಮೂರೂ ಸಾಲುಗಳ ಗ್ಯಾಂಟ್ ಚಾರ್ಟ್ ಬಿಡಿಸಿ; ಪೈಥಾನ್ ಆಮೇಲೆ.