ಬೋಟ್ ತೇಲುತ್ತಿರುವಾಗಲೇ ಲಿಫ್ಟ್ ಸರಿಸಿ

ಮಿನಿಯಾಪೊಲಿಸ್ ಪಕ್ಕದ ಮಿನೆಟೊಂಕಾ ಕೆರೆಗೆ ಗ್ರೇಸ್ ಬೇ ಎಂಬಲ್ಲಿ ಚಿಕ್ಕದೊಂದು ಅಣೆಕಟ್ಟೆ ಇದೆ. ಕೆರೆಯ ಮಟ್ಟ ಸಮುದ್ರಮಟ್ಟದಿಂದ 928.6 ಅಡಿಗಿಂತ ಕೆಳಗೆ ಹೋದರೆ ಅಲ್ಲಿಂದ ನೀರು ಹೊರಗೆ ಬಿಡುವುದಿಲ್ಲ. ಆದರೂ ಕೆರೆ ಇಳಿಯುತ್ತಲೇ ಇರುತ್ತದೆ. ಬಿಸಿಲು ಹೀರುವ ನೀರನ್ನು ಯಾವ ಗೇಟೂ ತಡೆಯದು. 2021ರಿಂದ 2023ರವರೆಗೆ ಮಿನ್ನೆಸೋಟಾದಲ್ಲಿ ಸಾಲಾಗಿ ಮೂರು ವರ್ಷ ಬರ. ಗೆಳೆಯನ ಮನೆಯ ದಡದಲ್ಲಿ ಇಬ್ಬರೂ ಕೂಡಿ ಬೋಟ್ ಇಟ್ಟುಕೊಂಡಿದ್ದ ನನಗೆ ಬೋಟ್ ಲಿಫ್ಟಿನ ಒಳಹೊರಗು ತಿಳಿದದ್ದು ಆಗಲೇ.

ಲಿಂಗನಮಕ್ಕಿ ಹಿನ್ನೀರು ಬೇಸಿಗೆಯಲ್ಲಿ ಹತ್ತಾರು ಅಡಿ ಇಳಿಯುವುದನ್ನು ಕಂಡವರಿಗೆ, ಇಲ್ಲಿ ನೀರು ಒಂದಡಿ ಇಳಿಯಿತು ಎಂದರೆ ನಗು ಬರಬಹುದು. ಲಿಫ್ಟಿನ ವಿಷಯದಲ್ಲಿ ಆ ಒಂದಡಿಯೇ ಎಲ್ಲ. ಅಲ್ಯೂಮಿನಿಯಂ ಮಂಚವೊಂದನ್ನು ನೀರಲ್ಲಿ ನಿಲ್ಲಿಸಿದಂತೆ ಅದರ ಕಟ್ಟಣೆ: ನಾಲ್ಕು ಕಾಲು, ನಡುವೆ ಕಾರ್ಪೆಟ್ ಹೊದಿಸಿದ ಎರಡು ತೊಲೆ. ಪಕ್ಕದ ದೊಡ್ಡ ಚಕ್ರ ತಿರುಗಿಸಿದರೆ ಕೇಬಲ್ ಸುತ್ತಿಕೊಂಡು ತೊಲೆಗಳು ಬೋಟನ್ನು ಹೊತ್ತು ಮೇಲೇಳುತ್ತವೆ. ಇಳಿಸಿದಾಗ ಬೋಟ್ ತಾನಾಗಿ ತೇಲಿಕೊಳ್ಳಬೇಕು. ತೊಲೆ ಎಷ್ಟೇ ಇಳಿದರೂ ಕೆಳಗಿನ ಚೌಕಟ್ಟಿನ ಮೇಲೆ ಕೂರುತ್ತದೆಯೇ ಹೊರತು ಕೆರೆಯ ತಳ ಮುಟ್ಟುವುದಿಲ್ಲ. ಹಾಗಾಗಿ ಪೂರ್ತಿ ಇಳಿಸಿದ ತೊಲೆಯ ಮೇಲೆ ಎಷ್ಟು ನೀರಿದೆ ಎಂಬುದೇ ಮುಖ್ಯ. ಸರ್ಕಾರಿ ಮಟ್ಟಮಾಪಕದ ಅಂಕಿ ಅದನ್ನು ಹೇಳುವುದಿಲ್ಲ. ನಾವು ಪೊರಕೆಯ ಕೋಲಿಗೆ ಬಣ್ಣದ ಟೇಪ್ ಸುತ್ತಿ ಗುರುತು ಮಾಡಿಕೊಂಡೆವು. ಬೋಟ್ ತೇಲಲು ಬೇಕಾದ ಆಳ ಒಂದು ಗುರುತು, ಅದಕ್ಕಿಂತ ಅರ್ಧ ಅಡಿ ಮೇಲೆ ಇನ್ನೊಂದು. ನೀರು ಮೇಲಿನ ಗುರುತಿಗೆ ಇಳಿದರೆ ಆ ವಾರವೇ ಲಿಫ್ಟ್ ಸರಿಸುವುದು.

ಇಷ್ಟು ಅವಸರ ಏಕೆಂದರೆ, ಬೋಟ್ ಲಿಫ್ಟಿನ ಮೇಲಿರುವಾಗಲೇ ನೀರು ಸಾಲದೆ ಹೋದರೆ ಎರಡೂ ಕಡೆಯಿಂದ ಸಿಕ್ಕಿಬಿದ್ದ ಹಾಗೆ. ಬೋಟ್ ಇಳಿಯುವುದಿಲ್ಲ, ಅದರ ಭಾರ ಹೊತ್ತ ಲಿಫ್ಟನ್ನು ಕದಲಿಸಲೂ ಆಗುವುದಿಲ್ಲ. ಆಗ ಬಹಳ ಜನ ‘ಇನ್ನೊಂದು ಸುತ್ತು ಬಿಟ್ಟರೆ ತೇಲೀತು’ ಎಂದು ಚಕ್ರ ತಿರುಗಿಸುತ್ತಲೇ ಇರುತ್ತಾರೆ. ತೊಲೆ ಆಗಲೇ ಕೂತಿರುವುದರಿಂದ ಸಡಿಲವಾಗುವುದು ಕೇಬಲ್ ಮಾತ್ರ. ಅದು ಡ್ರಮ್ಮಿನ ಮೇಲೆ ಅಡ್ಡಾದಿಡ್ಡಿ ಸುತ್ತಿಕೊಂಡು ರಾಟೆಯಿಂದ ಜಾರುತ್ತದೆ. ಮತ್ತೆ ಎತ್ತುವಾಗ ಗಂಟು ಬೀಳುತ್ತದೆ. ಕೇಬಲ್ ಬಿಗಿ ಕಳೆದುಕೊಂಡ ಕ್ಷಣಕ್ಕೆ ನಿಲ್ಲಿಸಬೇಕು. ಭಾರವಿರುವಾಗ ಚಕ್ರದಿಂದ ಕೈ ಬಿಡುವಂತೆಯೂ ಇಲ್ಲ, ಗಿರ್ರನೆ ತಿರುಗಿದ ಕಡ್ಡಿ ಕೈಮೂಳೆ ಮುರಿದೀತು. “ಮಾತು ಆಮೇಲೆ, ಚಕ್ರ ಬಿಡಬೇಡ ಕಣೋ!” ಎಂದು ಗೆಳೆಯ ಈಗಲೂ ಕೂಗುತ್ತಾನೆ.

ನೀರು ಅಂಚಿನಲ್ಲಿದ್ದರೆ ಬೋಟಿನ ಭಾರ ಇಳಿಸುತ್ತೇವೆ: ಐಸ್‌ಪೆಟ್ಟಿಗೆ, ಲಂಗರು, ಮಕ್ಕಳು, ಎಲ್ಲರೂ ಡಾಕ್ ಮೇಲೆ. ಇಂಜಿನ್ ಮೇಲೆತ್ತಿ, ಸ್ಟಾರ್ಟ್ ಮಾಡದೆ ಕೈಯಲ್ಲೇ ತಳ್ಳುತ್ತೇವೆ. ಕಡಿಮೆ ನೀರಲ್ಲಿ ಇಂಜಿನ್ ಓಡಿಸಿದರೆ ತಂಪಿನ ನೀರಿನ ಜತೆ ಮರಳೂ ಒಳಸೇರಿ ಪಂಪಿನ ರಬ್ಬರ್ ಸವೆಯುತ್ತದೆ. ಪ್ರೊಪೆಲ್ಲರ್ ಎಬ್ಬಿಸುವ ರಭಸ ಲಿಫ್ಟ್ ಕಾಲಡಿಯ ಮಣ್ಣನ್ನೂ ಕೊರೆಯುತ್ತದೆ.

ಸರಿಸುವ ಕೆಲಸ ಕಾಲಿನಿಂದ ಶುರು. ಮೊದಲು ನೋಡುವುದು ಕಾಲುಗಳನ್ನೇ ಗಿಡ್ಡ ಮಾಡಿ ಚೌಕಟ್ಟನ್ನು ತಗ್ಗಿಸಲು ಬರುತ್ತದೆಯೇ ಎಂದು. ಅದೂ ಮುಗಿದಿದ್ದರೆ ಲಿಫ್ಟನ್ನು ಆಳಕ್ಕೆ ಒಯ್ಯಬೇಕು. ಅಡಿಗೊಂದು ಅಂಗುಲ ಇಳಿಜಾರಿರುವ ದಡದಲ್ಲಿ ನೀರು ಒಂದಡಿ ಇಳಿದರೆ ಲಿಫ್ಟ್ 12 ಅಡಿ ಮುಂದೆ ಹೋಗಬೇಕಾಗುತ್ತದೆ. ಡಾಕ್ ಕೂಡ ಅಷ್ಟು ಚಾಚಬೇಕೆಂದರೆ ಲೇಕ್ ಮಿನೆಟೊಂಕಾ ಕನ್ಸರ್ವೇಶನ್ ಡಿಸ್ಟ್ರಿಕ್ಟ್‌ನ ನಿಯಮ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಕೆಸರಿಗೆ ಕಚ್ಚಿಕೊಂಡ ಕಾಲನ್ನು ದರದರ ಎಳೆದರೆ ಬಾಗುತ್ತದೆ. ಒಂದೊಂದನ್ನೇ ಅಲ್ಲಾಡಿಸಿ, ಸುತ್ತಲಿನ ಹೂಳು ಕೆದಕಿ ಬಿಡಿಸಬೇಕು. ಬರಿಗೈ, ಬರಿಗಾಲು ಬೇಡವೇ ಬೇಡ. 2010ರಲ್ಲಿ ಈ ಕೆರೆಯಲ್ಲಿ ಪತ್ತೆಯಾದ ಜೀಬ್ರಾ ಮಸೆಲ್ ಎಂಬ ಪುಟ್ಟ ಚಿಪ್ಪುಗಳು ಈಗ ಲಿಫ್ಟಿನ ಪ್ರತಿ ಕಂಬಕ್ಕೂ ಅಂಟಿವೆ. ಅವುಗಳ ಅಂಚು ಬ್ಲೇಡಿನಷ್ಟು ಹರಿತ. ಹೊಸ ಜಾಗದಲ್ಲಿ ರಸಮಟ್ಟ ಇಟ್ಟು ನಾಲ್ಕೂ ಮೂಲೆ ಸಮ ಮಾಡಿ, ಒಂದು ರಾತ್ರಿ ಬೋಟಿನ ಭಾರ ಹೊರಿಸಿ, ಬೆಳಗ್ಗೆ ಮತ್ತೆ ಮಟ್ಟ ನೋಡುತ್ತೇವೆ. ಮೆತ್ತನೆಯ ತಳದಲ್ಲಿ ಒಂದು ಕಾಲಾದರೂ ಕುಸಿದಿರುತ್ತದೆ.

2024ರ ಮಳೆಗೆ ಬರ ಕಳೆಯಿತು. ಆಳಕ್ಕೆ ಒಯ್ದ ಲಿಫ್ಟನ್ನು ನೀರು ಏರುವಾಗ ಅಲ್ಲೇ ಬಿಟ್ಟರೆ ಎತ್ತಿಟ್ಟ ಬೋಟೇ ತೇಲಿ ಹೋದೀತು. ಆದ್ದರಿಂದ ಪೊರಕೆಯ ಕೋಲಿನ ಲೆಕ್ಕ ಏರುವ ನೀರಿಗೂ ಅಷ್ಟೇ ಬೇಕು. ಹೊಸದಾಗಿ ಲಿಫ್ಟ್ ಕೊಳ್ಳುವವರು ಕೇಳಿದರೆ ನಾನು ಹೇಳುವುದು ಇಷ್ಟೇ: ಎಷ್ಟು ಭಾರ ಎತ್ತುತ್ತದೆ ಎಂದು ಅಂಗಡಿಯವರೇ ಹೇಳುತ್ತಾರೆ, ತೊಲೆ ಎಷ್ಟು ಕೆಳಗೆ ಇಳಿಯುತ್ತದೆ ಎಂಬುದನ್ನು ನೀವೇ ಕೇಳಿ ತಿಳಿದುಕೊಳ್ಳಿ.